ಹಾರ್ಮ್ ರಿಡಕ್ಷನ್: ಚಟ ಬಿಡದವನಿಗೂ ಚಿಕಿತ್ಸೆ ಯಾಕೆ?

ಗಾಂಜಾ ಸೇದಿದ ಹುಡುಗರನ್ನು ಪೊಲೀಸರು ಹಿಡಿದರು ಅಂತ ಸುದ್ದಿ ಬಂದರೆ ಮೈಸೂರಿನ ಟೀ ಅಂಗಡಿಯಲ್ಲಿ ಎರಡು ಮಾತು ಗ್ಯಾರಂಟಿ. ಒಬ್ಬರು 'ಒದ್ದು ಒಳಗೆ ಹಾಕಬೇಕು' ಅನ್ನುತ್ತಾರೆ. ಇನ್ನೊಬ್ಬರು 'ಯಾರ ಮನೆ ಮಕ್ಕಳೋ ಪಾಪ' ಅನ್ನುತ್ತಾರೆ. ಈ ಹುಡುಗ ಬದುಕಿ ಉಳಿಯಬೇಕು, ಕಾಯಿಲೆ ಅಂಟಿಸಿಕೊಳ್ಳಬಾರದು, ಕಾಲೇಜು ತಪ್ಪಬಾರದು, ಅದಕ್ಕೇನು ಮಾಡೋಣ ಅಂತ ಕೇಳುವವರು ಕಮ್ಮಿ. ಹಾರ್ಮ್ ರಿಡಕ್ಷನ್, ಅಂದರೆ ಹಾನಿ ತಗ್ಗಿಸುವ ನೀತಿ, ಶುರುವಾಗುವುದೇ ಆ ಪ್ರಶ್ನೆಯಿಂದ.

ಚಟ ಬಿಡಲಿ, ಬಿಡದಿರಲಿ, ಅದರಿಂದ ಅವನಿಗೂ ಮನೆಯವರಿಗೂ ಊರಿಗೂ ಆಗುವ ಹಾನಿಯನ್ನು ಮೊದಲು ಕಡಿಮೆ ಮಾಡುವುದು ಇದರ ಗುರಿ. ಬಿಡುವುದು ಬೇಡ ಅಂತಲ್ಲ. ಬಿಟ್ಟರೆ ಮಾತ್ರ ನೆರವು ಎಂಬ ಷರತ್ತು ಇಲ್ಲ, ಅಷ್ಟೇ.

ಉದಾಹರಣೆಗೆ, ಡ್ರಗ್ಸ್ ಚುಚ್ಚಿಕೊಳ್ಳುವವರು ಒಂದೇ ಸಿರಿಂಜ್ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಸಿ ಹರಡುತ್ತವೆ. ಆದ್ದರಿಂದ ಹೊಸ ಸಿರಿಂಜ್ ಕೊಡುತ್ತಾರೆ. ಹೆರಾಯಿನ್ ಚಟ ಇದ್ದವರಿಗೆ ವೈದ್ಯರ ಉಸ್ತುವಾರಿಯಲ್ಲಿ ಅದರ ಬದಲಿಗೆ ಬುಪ್ರೆನಾರ್ಫಿನ್ ಅಥವಾ ಮೆಥಡೋನ್ ಎಂಬ ಔಷಧಿ ಕೊಡುತ್ತಾರೆ. ಆಗ ಹೆರಾಯಿನ್ ನಿಂತಾಗ ಕಾಡುವ ಮೈಕೈ ನೋವು, ಭೇದಿ, ನಿದ್ದೆಗೇಡು ಹತೋಟಿಗೆ ಬರುತ್ತದೆ. ಮುಂದಿನ ಡೋಸಿಗೆ ದುಡ್ಡು ಹೊಂದಿಸುವ ಪರದಾಟ ತಪ್ಪುತ್ತದೆ, ಮನುಷ್ಯ ಕೆಲಸಕ್ಕೆ ಹೋಗುತ್ತಾನೆ. ನಮ್ಮ ದೇಶದಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೇ ಸಿರಿಂಜ್, ಬದಲಿ ಔಷಧಿ ಎರಡರ ಕಾರ್ಯಕ್ರಮವನ್ನೂ ನಡೆಸುತ್ತಿದೆ.

ಸಿರಿಂಜ್ ಕೊಟ್ಟರೆ ಚಟಕ್ಕೆ ಕುಮ್ಮಕ್ಕು ಕೊಟ್ಟಂತೆ ಅಲ್ವಾ? ನ್ಯಾಯವಾದ ಪ್ರಶ್ನೆಯೇ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಇಂಥ ಕಾರ್ಯಕ್ರಮಗಳನ್ನು ಪರಿಶೀಲಿಸಿದಾಗ, ಇವುಗಳಿಂದ ಡ್ರಗ್ಸ್ ಬಳಕೆ ಜಾಸ್ತಿಯಾಯಿತು ಎನ್ನುವುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ.

ಮೈಸೂರಿಗೆ ಈ ದಾರಿ ಹೊಸತೂ ಅಲ್ಲ. ಇಲ್ಲಿ 2004ರಲ್ಲಿ ಲೈಂಗಿಕ ಕಾರ್ಯಕರ್ತೆಯರ ನಡುವೆ ಎಚ್‌ಐವಿ ತಡೆಯುವ ಕೆಲಸ ಶುರುವಾಯಿತು. ಮರುವರ್ಷ ಅವರದೇ ಸಂಘಟನೆಯಾಗಿ ಆಶೋದಯ ಸಮಿತಿ ಹುಟ್ಟಿತು. 'ಮೊದಲು ಈ ಕೆಲಸ ಬಿಡಿ, ಆಮೇಲೆ ಔಷಧಿ' ಎಂದು ಅಲ್ಲಿ ಯಾರೂ ಹೇಳಲಿಲ್ಲ. ಕಾಂಡೋಮ್ ಕೊಟ್ಟರು, ಕ್ಲಿನಿಕ್ ತೆರೆದರು, ಪೊಲೀಸರ ಕಿರುಕುಳದ ಬಗ್ಗೆಯೂ ಮಾತಾಡಿದರು. ಈ ಕೊನೆಯದನ್ನು ಆರೋಗ್ಯಕ್ಕೆ ಸಂಬಂಧವಿಲ್ಲದ ವಿಷಯ ಅಂದುಕೊಳ್ಳುವವರೇ ಹೆಚ್ಚು. ಆದರೆ ದಾರಿಯಲ್ಲಿ ಹಿಡಿದುಕೊಂಡಾರು ಎಂಬ ಭಯ ಇದ್ದವರು ಕ್ಲಿನಿಕ್ಕಿಗೆ ಬರುವುದೇ ಇಲ್ಲ. ಡ್ರಗ್ಸ್ ನೀತಿಯಲ್ಲಿ ಮಾನವ ಹಕ್ಕು ಮತ್ತು ಸಾರ್ವಜನಿಕ ಆರೋಗ್ಯವನ್ನು ಜೊತೆಯಾಗಿ ಹೇಳುವುದಕ್ಕೆ ಕಾರಣ ಇದೇ.

ಬರೀ ನಿಷೇಧ ಏನು ಮಾಡುತ್ತದೆ ಎಂಬುದನ್ನೂ ನಾವು ನೋಡಿದ್ದೇವೆ. 2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಮಂಡ್ಯದ ಹಳ್ಳಿಗಳಲ್ಲಿ ಕುಡಿತ ನಿಂತಿತೇ? 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಪಕ್ಕದ ಕೃಷ್ಣಗಿರಿ ಕಡೆ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಬಡವರು.

ಹಾಗಂತ ಇದು ಮಾರುವವರನ್ನು ಬಿಟ್ಟುಬಿಡಿ ಅನ್ನುವ ವಾದ ಅಲ್ಲ. 2025ರ ಜುಲೈನಲ್ಲಿ ಮೈಸೂರಿನಲ್ಲೇ ಮೆಫೆಡ್ರೋನ್ ಎಂಬ ಮಾದಕವಸ್ತು ತಯಾರಿಸುತ್ತಿದ್ದ ಜಾಗ ಸಿಕ್ಕಿತು, ಅದೂ ಮುಂಬೈ ಪೊಲೀಸರಿಗೆ. ಅದು ಪೊಲೀಸರೇ ಮಾಡಬೇಕಾದ ಕೆಲಸ. ಇನ್ನೊಂದು ಮಾತು: ಹೆರಾಯಿನ್‌ಗೆ ಇರುವಂಥ ಬದಲಿ ಔಷಧಿ ಗಾಂಜಾಕ್ಕಾಗಲಿ ಮೆಫೆಡ್ರೋನ್‌ಗಾಗಲಿ ಇಲ್ಲ. ಅಲ್ಲಿ ಆಪ್ತಸಮಾಲೋಚನೆಯನ್ನೇ ಹೆಚ್ಚಾಗಿ ನೆಚ್ಚಿಕೊಳ್ಳಬೇಕು, ಅದು ನಿಧಾನ.

ನಮ್ಮ ಕಾನೂನು ಎಲ್ಲಿದೆ? ಮಾದಕವಸ್ತುಗಳಿಗೆ ಸಂಬಂಧಿಸಿದ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಸೇವನೆಯೂ ಅಪರಾಧ. ಹೆರಾಯಿನ್, ಕೊಕೇನ್‌ನಂಥವಕ್ಕೆ ಒಂದು ವರ್ಷದವರೆಗೆ, ಗಾಂಜಾದಂಥವಕ್ಕೆ ಆರು ತಿಂಗಳವರೆಗೆ ಜೈಲು. ಅದೇ ಕಾಯ್ದೆಯ 64ಎ ಸೆಕ್ಷನ್ ಬೇರೆ ಮಾತು ಹೇಳುತ್ತದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಬಂದು ಸರ್ಕಾರಿ ಅಥವಾ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಮಗನ ಕೇಸಿಗೆ ಕೋರ್ಟಿಗೆ ಅಲೆಯುವ ಅಪ್ಪ ಅಮ್ಮ ವಕೀಲರನ್ನು ಮೊದಲು ಕೇಳಬೇಕಾದದ್ದು ಇದನ್ನೇ.

ಆದರೆ ಅಲ್ಲೊಂದು ಕೊಕ್ಕೆ ಇದೆ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಈ ರಕ್ಷಣೆ ವಾಪಸ್ ಹೋಗಬಹುದು. ಬಿಟ್ಟವರು ಮತ್ತೆ ಶುರು ಮಾಡುವುದು ಈ ಕಾಯಿಲೆಯಲ್ಲಿ ಮಾಮೂಲು. ಶುಗರ್ ಇರುವವರು ಒಂದು ದಿನ ಜಿಲೇಬಿ ತಿಂದರೆ ಡಾಕ್ಟರು ಮಾತ್ರೆ ನಿಲ್ಲಿಸುವುದಿಲ್ಲವಲ್ಲ.

ಚಿಕಿತ್ಸಾ ಕೇಂದ್ರದ ಒಳಗೂ ರೋಗಿಗೆ ಹಕ್ಕುಗಳಿವೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತ, ಡ್ರಗ್ಸ್‌ನಿಂದ ಬರುವ ಮಾನಸಿಕ ತೊಂದರೆಗಳಿಗೂ ಅನ್ವಯಿಸುತ್ತದೆ. ಸರಪಳಿ ಹಾಕಿ ಕೂರಿಸುವುದು ಅದರ ಪ್ರಕಾರ ನಿಷಿದ್ಧ. 'ಹೊಡೆದರೆ ಸರಿಹೋಗ್ತಾನೆ' ಎನ್ನುವ ಕೇಂದ್ರಕ್ಕೆ ಮಗನನ್ನು ಸೇರಿಸಬೇಡಿ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು, ದುಡ್ಡು ಖರ್ಚಾಗುವುದಿಲ್ಲ.