ಥೇಮ್ಸ್ ನದಿಯನ್ನು ಎರಡು ಸಲ ತೊಳೆಯಬೇಕಾಯ್ತು

1855ರ ಜುಲೈನಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಲಂಡನ್ನಿನ ಥೇಮ್ಸ್ ನದಿಯಲ್ಲಿ ಸ್ಟೀಮರ್ ಹತ್ತಿ ಹೊರಟಿದ್ದರು. ನೀರಿನ ಬಣ್ಣ ನೋಡಿ ಸುಮ್ನೆ ಕೂರೋಕಾಗಲಿಲ್ಲ. ಬಿಳಿ ಕಾರ್ಡುಗಳನ್ನು ಹರಿದು, ಒದ್ದೆ ಮಾಡಿ, ಸ್ಟೀಮರ್ ನಿಂತ ಕಡೆಯೆಲ್ಲ ಚೂರುಗಳನ್ನು ನೀರಿಗೆ ಹಾಕಿದರು. ಒಳ್ಳೇ ಬಿಸಿಲಿತ್ತು, ಆದರೂ ಒಂದಿಂಚು ಮುಳುಗುವಷ್ಟರಲ್ಲೇ ಚೂರು ಕಾಣದಂತಾಗುತ್ತಿತ್ತು. ಇದನ್ನೇ ಪತ್ರಿಕೆಗೆ ಬರೆದರು. ನದಿ ತೊಳೆಯುವ ಕೆಲಸ ಮಾತ್ರ ಮುಂದೆ ಹೋಗಲಿಲ್ಲ. 1858ರ ಬೇಸಿಗೆಯಲ್ಲಿ ನಾತ ಸಂಸತ್ತಿನೊಳಗೇ ನುಗ್ಗಿತು ನೋಡಿ, ಆಗ ಕೆಲವೇ ವಾರಗಳಲ್ಲಿ ದುಡ್ಡಿನ ದಾರಿ ಸಲೀಸಾಯ್ತು!

ಜೋಸೆಫ್ ಬಜಲ್ಗೆಟ್ ಎಂಬ ಎಂಜಿನಿಯರ್ ನದಿಗೆ ಸಮಾನಾಂತರವಾಗಿ ದೊಡ್ಡ ದೊಡ್ಡ ಇಟ್ಟಿಗೆ ಕೊಳವೆಗಳನ್ನು ಕಟ್ಟಿಸಿ, ನದಿಗೆ ಬೀಳುತ್ತಿದ್ದ ಕೊಳಚೆಯನ್ನೆಲ್ಲ ಮಧ್ಯದಲ್ಲೇ ಹಿಡಿದು ಊರಿನ ಪೂರ್ವಕ್ಕೆ ಸಾಗಿಸಿದರು. ಅದ್ಭುತ ಕೆಲಸ. ಆದರೆ ಕೊನೆಗೆ ಮಾಡಿದ್ದೇನು? ಬೆಕ್ಟನ್ ಮತ್ತು ಕ್ರಾಸ್‌ನೆಸ್ ಎಂಬಲ್ಲಿ ಅದನ್ನು ಹಾಗೇ ಮತ್ತೆ ಅದೇ ನದಿಗೆ ಬಿಟ್ಟರು. ನಮ್ಮನೆ ಕಸವನ್ನು ಪಕ್ಕದ ಮನೆ ಮುಂದೆ ಗುಡಿಸಿದ ಹಾಗೆ, ಅಲ್ವಾ? 1878ರಲ್ಲಿ ಪ್ರಿನ್ಸೆಸ್ ಆಲಿಸ್ ಎಂಬ ಹಡಗು ಅಲ್ಲೇ ಹತ್ತಿರ ಮುಳುಗಿ 600ಕ್ಕೂ ಹೆಚ್ಚು ಜನ ಆ ಹೊಲಸಿನಲ್ಲಿ ಸತ್ತರು. ಆಮೇಲೆ ಗಟ್ಟಿ ಕೆಸರನ್ನು ಬೇರೆ ಮಾಡಿ ಹಡಗಿನಲ್ಲಿ ಸಮುದ್ರಕ್ಕೆ ಸುರಿಯತೊಡಗಿದರು. ಅದು ನಿಂತಿದ್ದು 1998ರಲ್ಲಿ.

ಕೆಸರು ಹೋಯ್ತು, ಕೊಳಕು ನೀರು ಮಾತ್ರ ನದಿಗೇ ಬರುತ್ತಿತ್ತು. ಅಸಲಿ ಸಮಸ್ಯೆ ಇಲ್ಲಿದೆ. ಕೊಳಚೆ ಬಿದ್ದಾಗ ಬ್ಯಾಕ್ಟೀರಿಯಾಗಳು ಅದನ್ನು ತಿನ್ನುತ್ತವೆ, ತಿನ್ನುವಾಗ ನೀರಲ್ಲಿ ಕರಗಿರುವ ಆಕ್ಸಿಜನ್ ಬಳಸುತ್ತವೆ. 20 ಡಿಗ್ರಿ ಶಾಖದಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗಿರೋದೇ ಹೆಚ್ಚೆಂದರೆ 9 ಮಿಲಿಗ್ರಾಂ. ಬಿಸಿಲು ಜಾಸ್ತಿಯಾದಷ್ಟೂ ಅದು ಇನ್ನೂ ಕಡಿಮೆ. ಪೂರ್ತಿ ಖಾಲಿಯಾದರೆ ಆಕ್ಸಿಜನ್ ಬೇಡದ ಬೇರೆ ಬ್ಯಾಕ್ಟೀರಿಯಾಗಳು ಕೆಲಸಕ್ಕಿಳಿಯುತ್ತವೆ, ಕೊಳೆತ ಮೊಟ್ಟೆ ನಾತದ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಥೇಮ್ಸ್‌ನಲ್ಲಿ ಉಬ್ಬರ ಇಳಿತ ಬೇರೆ, ಬಿಟ್ಟ ಕೊಳಚೆ ಸಮುದ್ರ ಸೇರದೆ ಹಿಂದೆ ಮುಂದೆ ಓಲಾಡಿಕೊಂಡು ವಾರಗಟ್ಟಲೆ ಅಲ್ಲೇ ಇರುತ್ತಿತ್ತು. ಊರು ಬೆಳೆಯಿತು, ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಕೊಳವೆಗಳೂ ಹಾಳಾದವು. ಹೊಸದಾಗಿ ಬಂದ ಡಿಟರ್ಜೆಂಟ್‌ಗಳು ಕೊಳೆಯದೆ ನೊರೆ ಎಬ್ಬಿಸಿದವು, ನಮ್ಮ ಬೆಳ್ಳಂದೂರು ಕೆರೆಯ ನೊರೆ ನೋಡಿದವರಿಗೆ ಹೇಳಬೇಕಿಲ್ಲ. 1957ರ ಹೊತ್ತಿಗೆ ಲಂಡನ್ ಭಾಗದಲ್ಲಿ ನದಿ ಸತ್ತಿದೆ ಎಂದೇ ಲೆಕ್ಕ. ಅಲ್ಲಿ ಬದುಕುತ್ತಿದ್ದ ಮೀನೆಂದರೆ ಹಾವಿನಂಥ ಈಲ್, ಅಷ್ಟೇ.

ಎರಡನೇ ಸಲ ತೊಳೆದಿದ್ದು ಹೇಗೆ? ನದಿಗೆ ಯಾರೂ ಇಳಿಯಲಿಲ್ಲ. 1960 ಮತ್ತು 70ರ ದಶಕಗಳಲ್ಲಿ ಕ್ರಾಸ್‌ನೆಸ್, ಬೆಕ್ಟನ್ ಎರಡೂ ಕಡೆ ದೊಡ್ಡ ಶುದ್ಧೀಕರಣ ಘಟಕ ಕಟ್ಟಿದರು. ತೊಟ್ಟಿಗೆ ಗಾಳಿ ಊದುವುದು, ಅದೇ ಬ್ಯಾಕ್ಟೀರಿಯಾಗಳಿಗೆ ಅಲ್ಲೇ ಊಟ ಹಾಕುವುದು, ಉಳಿದ ನೀರನ್ನಷ್ಟೇ ನದಿಗೆ ಬಿಡುವುದು. ನದಿ ತನ್ನ ಆಕ್ಸಿಜನ್ ಕಳೆದುಕೊಂಡು ಮಾಡುತ್ತಿದ್ದ ಕೆಲಸವನ್ನೇ ಊರಿನವರು ಕರೆಂಟ್ ಬಿಲ್ ಕಟ್ಟಿ ಮಾಡತೊಡಗಿದರು. ದಡದ ಪ್ಲಾಸ್ಟಿಕ್ ಹೆಕ್ಕುವ ಅಭಿಯಾನಗಳ ಮೇಲೆ ನನಗೇನೂ ಕೋಪವಿಲ್ಲ, ಫೋಟೋ ಚೆನ್ನಾಗೇ ಬರುತ್ತೆ, ಆದರೆ ಮೀನು ಸಾಯೋದು ಈ ಕಣ್ಣಿಗೆ ಕಾಣದ ಲೆಕ್ಕದಿಂದ.

1974ರಲ್ಲಿ ಒಂದು ವಿದ್ಯುತ್ ಸ್ಥಾವರದ ನೀರಿನ ಜರಡಿಗೆ ಸಾಲ್ಮನ್ ಮೀನು ಸಿಕ್ಕಿತು. ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಅಲ್ಲಿ ಅಂಥದ್ದು ಕಂಡಿರಲಿಲ್ಲ.

ಕಥೆ ಮುಗೀತಾ ಅಂದರೆ ಇಲ್ಲ. ಬಜಲ್ಗೆಟ್ ಕೊಳವೆಗಳಲ್ಲಿ ಕೊಳಚೆಯೂ ಮಳೆನೀರೂ ಒಟ್ಟಿಗೆ ಹರಿಯುತ್ತವೆ. ಅವರು ಲೆಕ್ಕ ಹಾಕಿದ್ದು ಸುಮಾರು 40 ಲಕ್ಷ ಜನರಿಗೆ, ಈಗ ಅದರ ದುಪ್ಪಟ್ಟಿಗೂ ಜಾಸ್ತಿ ಜನ. ಹಾಗಾಗಿ ಸಾಧಾರಣ ಮಳೆಗೂ ಕೊಳವೆ ಉಕ್ಕಿ ನದಿಗೆ ಬೀಳುತ್ತಿತ್ತು. ಬಿರುಮಳೆಯ ನಂತರ ಮೀನು ಸಾಯದಿರಲಿ ಅಂತ ನದಿಗೆ ಆಕ್ಸಿಜನ್ ಊದುವ ದೋಣಿಗಳನ್ನೇ ಇಟ್ಟುಕೊಂಡಿದ್ದರು! ಕೊನೆಗೆ ಹೀಗೆ ಉಕ್ಕುವ ಕೊಳಚೆಯನ್ನು ಹಿಡಿಯೋಕೆ ನದಿಯಡಿಯಲ್ಲೇ 25 ಕಿಲೋಮೀಟರ್ ಉದ್ದ, 7 ಮೀಟರ್ ಅಗಲದ ಸುರಂಗ ಕೊರೆದು, 2025ರ ಫೆಬ್ರವರಿಯಲ್ಲಿ ಎಲ್ಲ ಜೋಡಣೆ ಮುಗಿಸಿದರು. ಖರ್ಚು 400 ಕೋಟಿ ಪೌಂಡ್ ದಾಟಿದೆ, ಅದು ಲಂಡನ್ನಿನವರ ನೀರಿನ ಬಿಲ್ಲಿನಲ್ಲೇ ಬರುತ್ತೆ.