ಬೇಕಾದ ಪಿಕಪ್ ಶೋರೂಮಿನಲ್ಲಿ ಏಕೆ ಸಿಗುವುದಿಲ್ಲ?

ಓದುಗರ ಪ್ರಶ್ನೆ: ನಮ್ಮದು ನಾಪೋಕ್ಲು ಕಡೆ ಹದಿನೈದು ಎಕರೆ ಕಾಫಿ ತೋಟ. ಹಳೆಯ ಜೀಪನ್ನು ಕೊಟ್ಟು ಹೊಸ ಪಿಕಪ್ ಕೊಳ್ಳಬೇಕೆಂದಿದ್ದೇವೆ. ನಾಲ್ಕೂ ಚಕ್ರಗಳಿಗೆ ಚಾಲನೆ ಇರಬೇಕು, ಎರಡು ಸಾಲು ಸೀಟು ಇರಬೇಕು, ಎಸಿ ಇದ್ದರೆ ಒಳ್ಳೆಯದು. ಎರಡು ತಿಂಗಳಿಂದ ಕುಶಾಲನಗರ, ಮೈಸೂರು ಎಂದು ಶೋರೂಂ ಸುತ್ತುತ್ತಿದ್ದೇವೆ. ಎಲ್ಲ ಕಡೆಯೂ "ಅದು ಇಲ್ಲ, ಇದು ರೆಡಿ ಇದೆ" ಎಂಬ ಒಂದೇ ಉತ್ತರ. ಇದ್ದುದನ್ನು ತೆಗೆದುಕೊಳ್ಳುವುದೋ, ಕಾಯುವುದೋ?

ಉತ್ತರ: ಮಳೆ ಹಿಂದೆ ಸರಿದು ಕಾಫಿ ಹಣ್ಣಿಗೆ ಬಣ್ಣ ತಿರುಗುವ ಹೊತ್ತಿಗೆ ಕೊಡಗಿನಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ಮನೆಯಲ್ಲಿ ಏಳುತ್ತದೆ, ಏಕೆಂದರೆ ಕೊಯ್ಲಿಗೆ ಮುಂಚೆ ವಾಹನ ಅಂಗಳಕ್ಕೆ ಬರಬೇಕೆಂಬ ಅವಸರ ಎಲ್ಲರಿಗೂ ಇರುತ್ತದೆ. ನೇರವಾಗಿ ಹೇಳುವುದಾದರೆ, ಕೊಂಡ ಮೇಲೆ ಕೂಡಿಸಲು ಬಾರದ ಅಂಶಗಳಿಗಾಗಿ ಕಾಯಿರಿ. ಆಮೇಲೆ ಕೂಡಿಸಬಹುದಾದವುಗಳಿಗಾಗಿ ಒಂದು ದಿನವೂ ಕಾಯಬೇಡಿ. ನಾಲ್ಕು ಚಕ್ರದ ಚಾಲನೆ ಮತ್ತು ಎರಡು ಸಾಲಿನ ಕ್ಯಾಬಿನ್ ಮೊದಲ ಗುಂಪಿಗೆ ಸೇರಿದವು. ಎಸಿಯನ್ನು ಹೊರಗೆ ಹಾಕಿಸಬಹುದಾದರೂ ವೈರಿಂಗ್ ಕತ್ತರಿಸಿದ ನೆಪದಲ್ಲಿ ವಾರಂಟಿಗೆ ತೊಡಕಾಗಬಹುದು, ಆದ್ದರಿಂದ ಅದೂ ಕಾರ್ಖಾನೆಯಿಂದಲೇ ಬಂದರೆ ಕ್ಷೇಮ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಟ್ರಕ್ಕುಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆಯಾದರೂ ಆ ನಿಯಮ ಒಟ್ಟು ತೂಕ 3.5 ಟನ್ನಿಗೆ ಮೇಲ್ಪಟ್ಟ ವಾಹನಗಳಿಗೆ ಮಾತ್ರ. ಪಿಕಪ್ಪುಗಳು ಅದರ ಕೆಳಗಿರುವುದರಿಂದ ಇಲ್ಲಿ ಎಸಿಯನ್ನು ಕೇಳಿಯೇ ಪಡೆಯಬೇಕು.

ನೀವು ಹುಡುಕುತ್ತಿರುವುದು ಏಕೆ ಸಿಗುತ್ತಿಲ್ಲ ಎಂಬುದು ತಿಳಿದರೆ ಹುಡುಕುವ ಬಗೆಯೇ ಬದಲಾಗುತ್ತದೆ. ನಮ್ಮ ದೇಶದಲ್ಲಿ ಪಿಕಪ್ ಕೊಳ್ಳುವವರು ಒಂದೊಂದು ಸೌಲಭ್ಯವನ್ನೂ ಬಿಡಿಬಿಡಿಯಾಗಿ ಆರಿಸಿ ವಾಹನ ಕಟ್ಟಿಸಿಕೊಳ್ಳುವ ಪದ್ಧತಿ ಇಲ್ಲ. ಕಂಪನಿ ಕೆಲವು ವೇರಿಯಂಟ್‌ಗಳನ್ನು ನಿಗದಿ ಮಾಡಿರುತ್ತದೆ, ಚಾಲನೆ, ಕ್ಯಾಬಿನ್, ಹೊರುವ ಭಾರ, ಎಸಿ ಇವೆಲ್ಲವೂ ಆ ವೇರಿಯಂಟಿಗೆ ಅಂಟಿಕೊಂಡೇ ಬರುತ್ತವೆ. ಡೀಲರ್ ತನ್ನ ಹಣ ಹೂಡಿ ಅಥವಾ ಸಾಲ ತಂದು ಸ್ಟಾಕ್ ತರಿಸುವವನು, ನಿಂತ ವಾಹನಕ್ಕೆ ದಿನವೂ ಬಡ್ಡಿ ಬೆಳೆಯುತ್ತದೆ. ಹಾಗಾಗಿ ಬಯಲುಸೀಮೆಯಲ್ಲಿ ತರಕಾರಿ, ಸಿಮೆಂಟು, ಹಾಲು ಸಾಗಿಸುವವರು ಬೇಗ ಕೊಳ್ಳುವ ಎರಡು ಚಕ್ರದ ಚಾಲನೆಯ, ಒಂಟಿ ಕ್ಯಾಬಿನ್ನಿನ, ಬಿಳಿ ಬಣ್ಣದ ಗಾಡಿಗಳನ್ನೇ ಅವನು ಯಾರ್ಡಿನಲ್ಲಿ ಇಟ್ಟಿರುತ್ತಾನೆ. ಕೊಡಗಿನ ಏರು ತೋಟಕ್ಕೆ ಬೇಕಾದ ಗಾಡಿಯನ್ನು ಕೇಳುವವರು ವರ್ಷಕ್ಕೆ ಕೆಲವೇ ಜನ. ಅದು ಯಾರ್ಡಿನಲ್ಲಿ ಇಲ್ಲ ಎಂದ ಮಾತ್ರಕ್ಕೆ ಕಾರ್ಖಾನೆಯಲ್ಲೂ ಇಲ್ಲ ಎಂದಲ್ಲ. "ನಿಮ್ಮಲ್ಲಿ ಏನಿದೆ?" ಎಂದು ಕೇಳುತ್ತ ಹೋದರೆ ಇದ್ದುದನ್ನೇ ತೋರಿಸುತ್ತಾರೆ, "ಈ ವೇರಿಯಂಟ್ ತರಿಸಿ ಕೊಡಲು ಎಷ್ಟು ದಿನ?" ಎಂದು ಕೇಳಬೇಕು.

ಈ ಮಾತನ್ನು ನಾನು ಅನುಭವದಿಂದ ಬರೆಯುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಕೊಯ್ಲಿನ ಅವಸರದಲ್ಲಿ, ನಾಳೆಯೇ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ, ಎರಡು ಚಕ್ರದ ಚಾಲನೆಯ ಪಿಕಪ್ ತಂದೆವು. ತೂಕ ಹೇರಿದಾಗ ಅದು ಏರನ್ನು ಚೆನ್ನಾಗಿಯೇ ಹತ್ತಿತು. ಆದರೆ ಜೂನ್ ತಿಂಗಳಲ್ಲಿ ಗೊಬ್ಬರ ಇಳಿಸಿ ಖಾಲಿ ಗಾಡಿಯನ್ನು ಮೇಲಕ್ಕೆ ತರುವಾಗ ಕಣದ ಕೆಳಗಿನ ಕೆಮ್ಮಣ್ಣಿನ ತಿರುವಿನಲ್ಲಿ ಹಿಂದಿನ ಚಕ್ರಗಳು ನಿಂತಲ್ಲೇ ತಿರುಗಿ ಗಾಡಿ ಅಡ್ಡಲಾಗಿ ಚರಂಡಿಗೆ ಜಾರಿತು. ಇದಕ್ಕೆ ಕಾರಣ ಸರಳ. ಪಿಕಪ್ಪಿನ ಎಂಜಿನ್ ಮತ್ತು ಕ್ಯಾಬಿನ್ನಿನ ಭಾರವೆಲ್ಲ ಮುಂದಿರುತ್ತದೆ, ತಳ್ಳುವ ಚಕ್ರಗಳು ಹಿಂದಿರುತ್ತವೆ. ಹಿಂದೆ ತೂಕವಿಲ್ಲದಿದ್ದರೆ ಟೈರಿಗೆ ನೆಲದ ಹಿಡಿತ ಸಿಗುವುದಿಲ್ಲ, ಮೇಲಾಗಿ ಟನ್ನುಗಟ್ಟಲೆ ಹೊರಲೆಂದು ಮಾಡಿದ ಲೀಫ್ ಸ್ಪ್ರಿಂಗ್ ಖಾಲಿಯಿದ್ದಾಗ ಗಟ್ಟಿಯಾಗಿ ನಿಂತು ಚಕ್ರವನ್ನು ಕುಪ್ಪಳಿಸುತ್ತದೆ. ಆದ್ದರಿಂದ ತೋಟದಲ್ಲಿ ಪರೀಕ್ಷೆ ಎದುರಾಗುವುದು ತುಂಬಿದ ಗಾಡಿಗಿಂತ ಖಾಲಿ ಗಾಡಿಗೆ. ಫೋರ್ ಬೈ ಫೋರ್, ಅಂದರೆ ನಾಲ್ಕು ಚಕ್ರದ ಚಾಲನೆ, ಎಂದ ಮೇಲೂ, ಅದರಲ್ಲಿ ಕಡಿಮೆ ವೇಗದ ಪ್ರತ್ಯೇಕ ಗೇರ್ ಇದೆಯೇ ಎಂದು ವಿಚಾರಿಸಬೇಕು. ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾಗದಂತೆ ನಿಧಾನವಾಗಿ ಇಳಿಸುವುದು ಆ ಗೇರ್. ಬಹುತೇಕ ಪಿಕಪ್ಪುಗಳಲ್ಲಿ ನಾಲ್ಕು ಚಕ್ರದ ಚಾಲನೆಯನ್ನು ಒಣ ಡಾಂಬರು ರಸ್ತೆಯಲ್ಲಿ ಹಾಕಿಕೊಂಡು ಓಡಿಸಬಾರದು ಎಂಬುದನ್ನೂ ಚಾಲಕನಿಗೆ ಮೊದಲೇ ತಿಳಿಸಿ, ಇಲ್ಲವಾದರೆ ತಿರುವುಗಳಲ್ಲಿ ಗೇರುಗಳ ಮೇಲೆ ಒತ್ತಡ ಬಿದ್ದು ಸವೆಯುತ್ತವೆ.

ಎರಡು ಸಾಲಿನ ಕ್ಯಾಬಿನ್ ಅನ್ನು ಸುಖಕ್ಕಾಗಿ ಕೇಳುವ ಸೌಲಭ್ಯವೆಂದು ಎಣಿಸಬೇಡಿ. ಲೈನ್ ಮನೆಯಿಂದ (ತೋಟದ ಕಾರ್ಮಿಕರ ವಸತಿ) ಅಥವಾ ಸಿದ್ದಾಪುರ, ಸುಂಟಿಕೊಪ್ಪದ ಕಡೆಯಿಂದ ಕೆಲಸದವರನ್ನು ಕರೆತರುವಾಗ ಹಿಂದಿನ ಬಾಡಿಯಲ್ಲಿ ನಿಲ್ಲಿಸಿಕೊಂಡು ಬರುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಸರಕು ವಾಹನದ ವಿಮೆ, ಸರಕಿನ ಮಾಲೀಕ ಅಥವಾ ಆತನ ಪ್ರತಿನಿಧಿ ಮತ್ತು ಆ ವಾಹನದ ಕೆಲಸಗಾರರನ್ನು ಬಿಟ್ಟರೆ, ಹಿಂದೆ ಕುಳಿತ ಪ್ರಯಾಣಿಕರಿಗೆ ರಕ್ಷಣೆ ಕೊಡುವುದಿಲ್ಲ. ಅವಘಡವಾದರೆ ಪರಿಹಾರದ ಹೊಣೆ ಕೊನೆಗೆ ಮಾಲೀಕರ ಮೇಲೆ ಬೀಳುವ ಸಂಭವ ಹೆಚ್ಚು. ಹಣದ ಮಾತು ಒತ್ತಟ್ಟಿಗಿರಲಿ, ತಿರುವಿನಲ್ಲಿ ಹಿಡಿಯಲು ಆಸರೆಯಿಲ್ಲದೆ ನಿಂತ ಹೆಂಗಸರನ್ನು ನೋಡಿದಾಗ ನನಗೆ ಎದೆ ನಡುಗುತ್ತದೆ. ಆರ್‌ಸಿಯಲ್ಲಿ ನಮೂದಾದ ಆಸನಗಳಷ್ಟೇ ಜನ, ಅದೂ ಕ್ಯಾಬಿನ್ನಿನೊಳಗೆ. ಈ ಒಂದು ಕಾರಣಕ್ಕಾದರೂ ನಿಮ್ಮ ಆಯ್ಕೆ ಸರಿಯಾಗಿದೆ.

ಎರಡು ಸಾಲಿನ ಕ್ಯಾಬಿನ್ ಬಂದರೆ ಹಿಂದಿನ ಬಾಡಿ ಚಿಕ್ಕದಾಗುತ್ತದೆ, ಹೊರುವ ಭಾರವೂ ಇಳಿಯುತ್ತದೆ. ಲೆಕ್ಕವನ್ನು ಕಾಫಿ ಚೀಲದಲ್ಲೇ ಹಾಕಿ. ಚೀಲಕ್ಕೆ 50 ಕಿಲೋ ಎಂದಿಟ್ಟುಕೊಂಡರೆ 1,700 ಕಿಲೋ ಹೊರುವ ಗಾಡಿಗೆ 34 ಚೀಲ, 1,000 ಕಿಲೋ ಹೊರುವುದಕ್ಕೆ 20 ಚೀಲ, 450 ಕಿಲೋ ಹೊರುವುದಕ್ಕೆ 9 ಚೀಲ. ಮಳೆಗೆ ಮುಂಚೆ ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಲು 200 ಲೀಟರಿನ ಐದು ಡ್ರಮ್ ನೀರು ಹೇರಿದರೆ ಅದೇ ಒಂದು ಟನ್. ಚೆರಿಯನ್ನು, ಅಂದರೆ ಒಣಗಿಸಿದ ಕಾಫಿ ಹಣ್ಣನ್ನು, ಸಿಪ್ಪೆ ಬಿಡಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಸಾಗಿಸಲು ವರ್ಷಕ್ಕೆ ನಾಲ್ಕೈದು ದಿನ ಬಾಡಿಗೆ ಲಾರಿ ಹಿಡಿಯುವುದಾದರೆ, ಆ ನಾಲ್ಕು ದಿನಕ್ಕಾಗಿ ಮಿಕ್ಕ ದಿನವೆಲ್ಲ ದೊಡ್ಡ ಗಾಡಿಯನ್ನು ತೋಟದ ಕಿರಿದಾದ ದಾರಿಯಲ್ಲಿ ತಿರುಗಿಸಲು ಹೆಣಗಬೇಕಾದ ಅಗತ್ಯವಿಲ್ಲ.

ಮಾರುಕಟ್ಟೆಯಲ್ಲಿ ನಿಮ್ಮ ಬೇಡಿಕೆಗೆ ಹೊಂದುವ ಗಾಡಿಗಳು ಬೆರಳೆಣಿಕೆಯಷ್ಟೇ ಇವೆ, ಇದರಿಂದ ಹುಡುಕಾಟ ಸುಲಭವೇ ಆಗುತ್ತದೆ. ಟಾಟಾ ಇಂಟ್ರಾ, ಅಶೋಕ್ ಲೇಲ್ಯಾಂಡ್ ದೋಸ್ತ್ ಒಳ್ಳೆಯ ಗಾಡಿಗಳಾದರೂ ಅವು ಎರಡು ಚಕ್ರದ ಚಾಲನೆಯವು, ಆದ್ದರಿಂದ ಪಟ್ಟಿಯಿಂದ ತೆಗೆದುಬಿಡಿ. ಮಹೀಂದ್ರ ಬೊಲೆರೊ ಕ್ಯಾಂಪರ್‌ನಲ್ಲಿ ಎರಡು ಸಾಲಿನ ಕ್ಯಾಬಿನ್ನಿನ ಜೊತೆಗೆ ನಾಲ್ಕು ಚಕ್ರದ ಚಾಲನೆಯ ವೇರಿಯಂಟ್ ಬಂದಿದೆ. ಟಾಟಾ ಯೋಧದಲ್ಲಿಯೂ ಕ್ರೂ ಕ್ಯಾಬ್ (ಎರಡು ಸಾಲಿನ ಕ್ಯಾಬಿನ್) ಹಾಗೂ ಫೋರ್ ಬೈ ಫೋರ್ ಬಂದಿವೆ. ಇವೆರಡೂ ದುಡಿಮೆಯ ಗಾಡಿಗಳು. ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಮತ್ತು 2022ರಲ್ಲಿ ಬಂದ ಟೊಯೋಟ ಹೈಲಕ್ಸ್ ಇನ್ನೊಂದು ಜಾತಿಯವು: ಬಲವಾದ ಎಂಜಿನ್, ಕಾರಿನಂಥ ಕ್ಯಾಬಿನ್, ಬಿಳಿ ಬೋರ್ಡಿನ ನೋಂದಣಿ, ಬೆಲೆಯೂ ಅದಕ್ಕೆ ತಕ್ಕಂತೆ ಬಹಳ ಹೆಚ್ಚು. ವಿ-ಕ್ರಾಸ್‌ನಲ್ಲಿ ಎರಡು ಚಕ್ರದ ಚಾಲನೆಯ ವೇರಿಯಂಟ್ ಸಹ ಬಂದಿರುವುದರಿಂದ ಹೆಸರು ನೋಡಿ ಮೋಸಹೋಗಬಾರದು. ಇವೆರಡೂ ಐದೂಕಾಲು ಮೀಟರಿಗಿಂತ ಉದ್ದ, 1.85 ಮೀಟರಿಗಿಂತ ಅಗಲ. ನಿಮ್ಮ ತೋಟದ ಗೇಟಿನ ಕಂಬಗಳ ನಡುವಿನ ಅಂತರವನ್ನೂ ಇಕ್ಕಟ್ಟಾದ ತಿರುವನ್ನೂ ಟೇಪು ಹಿಡಿದು ಅಳೆಯದೆ ಇವುಗಳ ಶೋರೂಮಿಗೆ ಕಾಲಿಡಬೇಡಿ.

ಇಲ್ಲಿ ಬೋರ್ಡಿನ ಬಣ್ಣದ ವಿಷಯವನ್ನೂ ಹೇಳಬೇಕು. ಸರಕು ವಾಹನವಾಗಿ ನೋಂದಣಿಯಾದರೆ ಹಳದಿ ಬೋರ್ಡ್. ಹೊಸದಕ್ಕೆ ಎರಡು ವರ್ಷದ ಎಫ್‌ಸಿ (ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ), ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷವೂ ನವೀಕರಣ. ಒಟ್ಟು ತೂಕ, ಅಂದರೆ ಗಾಡಿ ಮತ್ತು ಭಾರ ಸೇರಿ, 3,000 ಕಿಲೋ ಮೀರದ ಸರಕು ವಾಹನಕ್ಕೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪರ್ಮಿಟ್ ಬೇಕಿಲ್ಲ. ಕಾರು ಓಡಿಸುವ ಲೈಸೆನ್ಸ್ ಸಾಕೇ ಎಂಬ ಅನುಮಾನವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಬಗೆಹರಿಸಿದೆ: ಒಟ್ಟು ತೂಕ 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು.

ಯಾರೂ ತಾವಾಗಿ ಹೇಳದ ಒಂದು ಸಂಗತಿ ಡೀಸೆಲ್ ಎಂಜಿನ್ನಿಗೆ ಸಂಬಂಧಿಸಿದ್ದು. 2020ರ ಏಪ್ರಿಲ್‌ನಿಂದ ಬಿಎಸ್6 ಎಂಬ ಹೊಗೆ ಮಾಲಿನ್ಯ ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಹೊಗೆನಳಿಕೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಬಂದಿದೆ. ಆ ಮಸಿ ಸುಟ್ಟುಹೋಗಬೇಕಾದರೆ ಎಂಜಿನ್ ಚೆನ್ನಾಗಿ ಬಿಸಿಯೇರಿ ಸ್ವಲ್ಪ ದೂರ ಒಂದೇ ವೇಗದಲ್ಲಿ ಓಡಬೇಕು. ಮನೆಯಿಂದ ಕಣಕ್ಕೆ, ಕಣದಿಂದ ಗೋಡೌನಿಗೆ ಎಂದು ದಿನವೂ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ತೋಟದ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆಯಾದರೂ ಮಡಿಕೇರಿಗೋ ವಿರಾಜಪೇಟೆಗೋ ಹೋಗಿಬರುವ ಕೆಲಸವನ್ನು ಈ ಗಾಡಿಗೇ ಇಡಿ. ಫಿಲ್ಟರನ್ನು ಕೈಯಾರೆ ಶುದ್ಧಗೊಳಿಸುವ ಸ್ವಿಚ್ ಇದೆಯೇ, ಡೀಸೆಲ್ ಅಲ್ಲದೆ ಯೂರಿಯಾ ದ್ರಾವಣವನ್ನೂ ತುಂಬಿಸಬೇಕೇ ಎಂದು ಬುಕಿಂಗ್‌ಗೆ ಮುಂಚೆ ವಿಚಾರಿಸಿ.

ಇನ್ನು ಹುಡುಕುವ ಕ್ರಮ. ವೇರಿಯಂಟಿನ ಪೂರ್ಣ ಹೆಸರು, ಚಾಲನೆ, ಸೀಟು, ಎಸಿ, ಒಪ್ಪಬಹುದಾದ ಬಣ್ಣಗಳು ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಮೈಸೂರು, ಹಾಸನ, ಮಂಗಳೂರು ಈ ಮೂರೂ ಕಡೆಯ ಡೀಲರುಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ. ಬಣ್ಣದ ವಿಷಯದಲ್ಲಿ ಪಟ್ಟು ಹಿಡಿಯಬೇಡಿ, ಕಾಯುವ ಅವಧಿ ಅದರಿಂದಲೇ ಕಡಿಮೆಯಾಗುವುದುಂಟು. ಉತ್ತರವನ್ನೂ ಲಿಖಿತವಾಗಿಯೇ ಕೇಳಿ: ತರಿಸಲು ಎಷ್ಟು ದಿನ, ಬುಕಿಂಗ್ ಹಣ ಎಷ್ಟು, ರದ್ದು ಮಾಡಿದರೆ ಎಷ್ಟು ಹಿಂದಿರುಗಿಸುತ್ತಾರೆ, ಎಕ್ಸ್ ಶೋರೂಂ ಬೆಲೆ ಎಷ್ಟು, ಅದರ ಮೇಲಿನ ಒಂದೊಂದು ಖರ್ಚೂ ಏನು. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿರುವುದರಿಂದ, ನೆಂಟರಿಷ್ಟರು ಹೇಳುವ ಹಳೆಯ ದರಗಳನ್ನು ಹೋಲಿಕೆಗೆ ಬಳಸಬೇಡಿ. ಮೈಸೂರಿನಲ್ಲಿ ಕೊಂಡರೂ ಮಡಿಕೇರಿ ಆರ್‌ಟಿಒದ ಕೆಎ 12 ನಂಬರಿನಲ್ಲೇ ನೋಂದಣಿ ಮಾಡಿಸಬಹುದು. ಗಡಿ ಹತ್ತಿರವೆಂದು ಕಣ್ಣೂರಿನ ಕಡೆ ಹೋದರೆ ಬೇರೆ ರಾಜ್ಯದ ಕಾಗದಪತ್ರದ ಓಡಾಟ ಸೇರಿಕೊಳ್ಳುತ್ತದೆ, ಅಷ್ಟು ಲಾಭ ಅದರಲ್ಲಿ ನನಗೆ ಕಂಡಿಲ್ಲ. ಡೀಲರನ್ನು ಆರಿಸುವಾಗ ಸರ್ವಿಸ್ ಎಲ್ಲಿ ಎಂಬುದೂ ಮುಖ್ಯ: 2018ರ ಆಗಸ್ಟಿನ ಭೂಕುಸಿತದಲ್ಲಿ ಜೋಡುಪಾಲದ ಕಡೆ ಮಂಗಳೂರಿಗೆ ಇಳಿಯುವ ಹೆದ್ದಾರಿ ಕಡಿದುಹೋಗಿ ಮಡಿಕೇರಿಗೂ ಸಂಪಾಜೆಗೂ ನಡುವೆ ಸಂಚಾರ ನಿಂತಿತ್ತು. ಮಳೆಗಾಲದ ದುರಸ್ತಿಗೆ ಘಟ್ಟ ಇಳಿಯಬೇಕಾಗದ ವರ್ಕ್‌ಶಾಪ್ ಇರುವ ಕಂಪನಿಗೆ ನಾನು ಒಂದು ಅಂಕ ಹೆಚ್ಚು ಕೊಡುತ್ತೇನೆ.

ಗಾಡಿ ಬಂತೆಂದು ಫೋನ್ ಬಂದಾಗ ಪೂರ್ತಿ ಹಣ ಕಟ್ಟುವ ಮೊದಲು, ನೋಂದಣಿಗೂ ಮೊದಲು, ಯಾರ್ಡಿಗೆ ಹೋಗಿ ನೋಡಿ. ನಿಮ್ಮ ಹಾಳೆಯನ್ನು ಹಿಡಿದು, ಫೋರ್ ಬೈ ಫೋರ್ ಲಿವರ್ ಅಥವಾ ಸ್ವಿಚ್ಚನ್ನು ಹಾಕಿ ತೆಗೆದು, ಕೆಳಗೆ ಬಗ್ಗಿ ಮುಂದಿನ ಚಕ್ರಗಳಿಗೆ ಹೋಗುವ ಶಾಫ್ಟನ್ನು ಕಣ್ಣಾರೆ ಕಂಡುಕೊಳ್ಳಿ. ಫಾರಂ 21 ಎಂಬ ಮಾರಾಟ ಪತ್ರದಲ್ಲಿ ಚಾಸಿ ಸಂಖ್ಯೆ, ತಯಾರಾದ ತಿಂಗಳು ಮತ್ತು ವರ್ಷ, ಆಸನಗಳ ಸಂಖ್ಯೆ, ಒಟ್ಟು ತೂಕ ಎಲ್ಲವೂ ಇರುತ್ತವೆ. ಜನವರಿಯಲ್ಲಿ ಕೊಳ್ಳುವ ಗಾಡಿ ಹಿಂದಿನ ವರ್ಷ ತಯಾರಾದದ್ದಾದರೆ ಮರುಮಾರಾಟದಲ್ಲಿ ಒಂದು ವರ್ಷ ಹಳೆಯದೆಂದೇ ಲೆಕ್ಕ, ಆದ್ದರಿಂದ ಅದಕ್ಕೆ ತಕ್ಕ ರಿಯಾಯಿತಿ ಕೇಳುವುದು ನ್ಯಾಯ. ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ಕಟ್ಟುಪಾಡಿಲ್ಲ. ಮುಂದುಗಡೆ ದಪ್ಪ ಕಬ್ಬಿಣದ ಗಾರ್ಡ್ ಸೇರಿಸಿದ ಆಕ್ಸೆಸರಿ ಪ್ಯಾಕ್ ಕೊಟ್ಟರೆ ನಿರಾಕರಿಸಿ, ಅಂಥ ಗಾರ್ಡುಗಳ ವಿರುದ್ಧ ಕ್ರಮಕ್ಕೆ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಸೀಟ್ ಕವರ್, ಮ್ಯೂಸಿಕ್, ಟಾರ್ಪಾಲಿನ ಕಮಾನು ಇವನ್ನೆಲ್ಲ ಕುಶಾಲನಗರದಲ್ಲೋ ಗೋಣಿಕೊಪ್ಪಲಿನಲ್ಲೋ ನಿಧಾನವಾಗಿ ಮಾಡಿಸಿಕೊಳ್ಳಬಹುದು.

ಮುಂದಿನ ಬಾರಿ ಕೊಳ್ಳುವವರಿಗೆ ಒಂದು ಮಾತು. ಆಷಾಢದಲ್ಲಿ ಹೊಸ ವಾಹನ ಮನೆಗೆ ತರಲು ಜನ ಹಿಂಜರಿಯುವುದರಿಂದ ಆಗ ಶೋರೂಮಿನವರಿಗೆ ನಿಮ್ಮ ಮಾತು ಕೇಳಲು ವ್ಯವಧಾನವಿರುತ್ತದೆ, ಆಯುಧಪೂಜೆಯ ವಾರದಲ್ಲಿ ಇರುವುದಿಲ್ಲ. ಜುಲೈ-ಆಗಸ್ಟ್ ನಡುವೆ ಬರುವ ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಬುಕ್ ಮಾಡಿದರೆ, ತರಿಸಲು ಎರಡು ಮೂರು ತಿಂಗಳಾದರೂ, ಅರೇಬಿಕ ಹಣ್ಣಾಗುವ ಹೊತ್ತಿಗೆ ಗಾಡಿ ಕೈಯಲ್ಲಿರುತ್ತದೆ. ಪರೀಕ್ಷಾ ಓಟಕ್ಕೂ ಅದೇ ಸರಿಯಾದ ಕಾಲ. ಡೆಮೊ ಗಾಡಿಯನ್ನು ಒಣ ಹೆದ್ದಾರಿಯ ಬದಲು ಒದ್ದೆ ಮಣ್ಣಿನ ಏರಿನಲ್ಲಿ, ಖಾಲಿಯಾಗಿ ಹತ್ತಿಸಿ ತೋರಿಸಲು ಕೇಳಿ.

ನಿಮ್ಮ ಹದಿನೈದು ಎಕರೆಗೆ ನಾನಾಗಿದ್ದರೆ ದುಡಿಮೆಯ ಎರಡು ಗಾಡಿಗಳಲ್ಲಿ ಒಂದರ ಫೋರ್ ಬೈ ಫೋರ್, ಎರಡು ಸಾಲಿನ ವೇರಿಯಂಟನ್ನು ಈ ವಾರವೇ ಲಿಖಿತವಾಗಿ ಬುಕ್ ಮಾಡುತ್ತಿದ್ದೆ. ಅದರಲ್ಲಿ ಎಸಿ ಕಾರ್ಖಾನೆಯಿಂದ ಬಾರದಿದ್ದರೆ ಎಸಿಯನ್ನೇ ಬಿಡುತ್ತಿದ್ದೆ, ನಾಪೋಕ್ಲಿನ ಹವೆಯಲ್ಲಿ ಅದಿಲ್ಲದೆ ನಡೆಯುತ್ತದೆ. ಹಳೆಯ ಜೀಪನ್ನು ಮಾತ್ರ ಹೊಸ ಗಾಡಿ ಅಂಗಳಕ್ಕೆ ಬರುವವರೆಗೆ ಮಾರಬೇಡಿ. ಡೀಲರ್ ಹೇಳಿದ ದಿನಕ್ಕೆ ಗಾಡಿ ಬಾರದೆ ಹೋದರೂ ಈ ವರ್ಷದ ಕೊಯ್ಲನ್ನು ಆ ಜೀಪೇ ದಾಟಿಸುತ್ತದೆ.