ಜಾಮ್ ಬ್ರೆಡ್ಡಿನಲ್ಲಿ ನರಿಯ ಮದ್ದು

"ಡಾಕ್ಟ್ರೇ, ನಮ್ಮ ಹಿತ್ತಲಿಗೆ ಬರೋ ನರಿಗೆ ಕಜ್ಜಿ ಹಿಡಿದಿದೆ. ಜಾಮ್ ಸವರಿದ ಬ್ರೆಡ್ಡಿನಲ್ಲಿ ಔಷಧಿ ಇಟ್ಟರೆ ತಿನ್ನುತ್ತಂತೆ. ಒಂದು ಬಾಟಲಿ ಕೊಡ್ತೀರಾ?"

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪಶುವೈದ್ಯನಾದ ನನಗೆ ಇದು ಹಳೆಯ ಕೋರಿಕೆ. ಈ ಸಲ ಕೇಳಿದವರು ದಾವಣಗೆರೆ ಕಡೆಯವರು, ಹಾಗಾಗಿ ಉತ್ತರವೂ ಕನ್ನಡದಲ್ಲಿ.

ಮೊದಲು ಫೋಟೊ ಕಳಿಸಿ ಅಂದೆ. ಏಪ್ರಿಲ್ ಕಳೆದ ಮೇಲೆ ಬರುವ ಇಂಥ ಫೋನುಗಳಲ್ಲಿ ಎಷ್ಟೋ ಸಲ ನರಿಗೆ ಏನೂ ಆಗಿರುವುದಿಲ್ಲ, ಚಳಿಗಾಲದ ಕೂದಲು ಉದುರುತ್ತಿರುತ್ತದೆ ಅಷ್ಟೆ. ಹರಿದ ಕಂಬಳಿ ಹೊದ್ದ ಹಾಗೆ ಕಂಡರೂ ಕೆಳಗಿನ ಚರ್ಮ ಚೆನ್ನಾಗಿರುತ್ತದೆ. ಕಜ್ಜಿಯಾದರೆ ಬಾಲದ ಬುಡದಲ್ಲಿ, ಹಿಂಗಾಲಲ್ಲಿ ಶುರುವಾಗಿ ಬೂದುಬಣ್ಣದ ಹಕ್ಕಳೆ ಕಟ್ಟುತ್ತದೆ. ನರಿ ತಿನ್ನುವುದು ಬಿಟ್ಟು ಕೆರೆಯುತ್ತದೆ. ಕೊನೆಕೊನೆಗೆ ಕಣ್ಣು ಅಂಟಿಕೊಂಡು, ಹಾಡಹಗಲೇ ಹುಲ್ಲಿನ ಮೇಲೆ ಬಿದ್ದಿರುತ್ತದೆ. ಹತ್ತಿರ ಹೋದರೂ ಏಳುವುದಿಲ್ಲ. ಪಳಗಿದೆ ಅಂತ ಮಕ್ಕಳು ಖುಷಿಪಡುತ್ತಾರೆ. ಪಾಪ, ಅದಕ್ಕೆ ಏಳಲು ತ್ರಾಣವಿರುವುದಿಲ್ಲ.

ಅಂಥದ್ದೊಂದು ನರಿ ಮೇಜಿನ ಮೇಲೆ ಬಂದರೆ ಮುಟ್ಟುವ ಮೊದಲೇ ಹಳಸಿದ, ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ. ಹಕ್ಕಳೆಯ ಅಂಚನ್ನು ಬ್ಲೇಡಿನಿಂದ ಹೆರೆದು, ಒಂದು ಹನಿ ಪ್ಯಾರಾಫಿನ್ ಎಣ್ಣೆಯಲ್ಲಿ ಕಲಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಕಜ್ಜಿಗೆ ಕಾರಣವಾದ ದುಂಡುಮೈಯ, ಮೋಟುಗಾಲಿನ ನುಸಿಗಳು ತೆವಳುತ್ತಿರುತ್ತವೆ. ಒಂದೊಂದೂ ಅರ್ಧ ಮಿಲಿಮೀಟರಿಗಿಂತ ಸಣ್ಣದು. ಹೆಣ್ಣು ನುಸಿ ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆಯಿಡುತ್ತದೆ, ಮೂರು ವಾರದೊಳಗೆ ಮುಂದಿನ ಪೀಳಿಗೆ ತಯಾರು. ಮನುಷ್ಯರ ತುರಿಕಜ್ಜಿಯ ನುಸಿಯೂ ಇದೇ ಜಾತಿ, ತಳಿ ಬೇರೆ. ನರಿಯದು ನಮಗೆ ತಾಗಿದರೆ ಕೆಲವು ದಿನ ತುರಿಸಿ ತಾನೇ ಹೋಗುತ್ತದೆ. ನಾಯಿಗೆ ತಾಗಿದರೆ ಹಾಗೆ ಬಿಡುವುದಿಲ್ಲ.

ಈ ಊರಿಗೆ ಇದರ ಕಹಿ ಗೊತ್ತು. 1994ರ ವಸಂತದಲ್ಲಿ ಕಜ್ಜಿ ಬ್ರಿಸ್ಟಲ್‌ಗೆ ಕಾಲಿಟ್ಟಾಗ ಇಲ್ಲಿ ನರಿಗಳು ಕಿಕ್ಕಿರಿದಿದ್ದವು. ಎರಡೇ ವರ್ಷದಲ್ಲಿ, ವಿಶ್ವವಿದ್ಯಾಲಯದವರು ಲೆಕ್ಕವಿಟ್ಟಿದ್ದ ಬಡಾವಣೆಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಸತ್ತವು. ಹತ್ತಿರ ಹತ್ತಿರ ಬದುಕುವುದೇ ಮುಳುವಾಯಿತು. ಅದಕ್ಕೇ ದಿನಾ ಒಂದೇ ತಟ್ಟೆಯಲ್ಲಿ ಊಟವಿಟ್ಟು ಕೇರಿಯ ನರಿಗಳನ್ನೆಲ್ಲ ಒಂದೆಡೆ ಸೇರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಜಾಮ್ ಬ್ರೆಡ್ಡು. ಅದನ್ನು ಯಾವ ನರಿ ತಿಂದಿತು, ಎಷ್ಟು ತಿಂದಿತು ಅಂತ ನೋಡುವವರು ಯಾರು? ಪಕ್ಕದ ಮನೆಯ ಕೋಲಿ ನಾಯಿ ತಿಂದರೆ? ಆ ತಳಿಯ ಎಷ್ಟೋ ನಾಯಿಗಳಿಗೆ ನುಸಿ ಕೊಲ್ಲುವ ಔಷಧಿ ಐವರ್‌ಮೆಕ್ಟಿನ್ ನೇರ ಮಿದುಳಿಗೇರುವ ವಿಷ. ನನ್ನ ಆರೈಕೆಯಲ್ಲಿಲ್ಲದ ಪ್ರಾಣಿಗೆ ಔಷಧಿ ಚೀಟಿ ಬರೆಯಲು ಇಲ್ಲಿನ ಕಾನೂನೂ ಬಿಡುವುದಿಲ್ಲ. ಕೆಲವರು ಹೋಮಿಯೋಪತಿ ಗಂಧಕದ ಹನಿ ಹಾಕುತ್ತಾರೆ. ಅದು ನುಸಿ ಕೊಲ್ಲುತ್ತದೆ ಅನ್ನುವುದಕ್ಕೆ ಪುರಾವೆಯಿಲ್ಲ. ಗಂಧಕವೇ ಬೇಕಿದ್ದರೆ ನಮ್ಮಜ್ಜಿ ಹೊಂಗೆ ಎಣ್ಣೆಯಲ್ಲಿ ಕಲಸಿ ಮನೆ ನಾಯಿಗೆ ಹಚ್ಚುತ್ತಿದ್ದದ್ದು ವಾಸಿ. ಆದರೆ ಕಾಡುನರಿಯನ್ನು ಹಿಡಿದು ಎಣ್ಣೆ ಹಚ್ಚುವವರು ಯಾರು?

ಫೋಟೊ ಬಂತು. ಕಜ್ಜಿಯೇ. ಬಾಲ ಅರ್ಧ ಬೋಳು, ಮುಖಕ್ಕೆ ಇನ್ನೂ ಏರಿರಲಿಲ್ಲ. ವನ್ಯಜೀವಿ ರಕ್ಷಣೆಯವರಿಗೆ ತಿಳಿಸಿ ಬೋನು ಇಡಿಸಿದೆವು. ಗಂಡುನರಿಯಾದ್ದರಿಂದ ಒಂದು ಚಿಂತೆ ತಪ್ಪಿತು: ಮಾರ್ಚ್, ಏಪ್ರಿಲ್‌ನಲ್ಲಿ ಮರಿ ಹಾಕಿದ ಹೆಣ್ಣನ್ನು ಹಿಡಿದರೆ ಬಿಲದಲ್ಲಿ ಮರಿಗಳು ಹಸಿದು ಸಾಯುತ್ತವೆ. ಮೈಗೆ ಬಿಸಿ, ಚರ್ಮದಡಿ ಸಲೈನ್, ಹುಣ್ಣಿಗೆ ಆಂಟಿಬಯಾಟಿಕ್, ನುಸಿಗೆ ಕತ್ತಿನ ಮೇಲೆ ಸೆಲಮೆಕ್ಟಿನ್ ಔಷಧಿಯ ಹನಿ. ಮೊಟ್ಟೆಗಳಿಗೆ ಔಷಧಿ ನಾಟದ ಕಾರಣ ಎರಡು ವಾರ ಬಿಟ್ಟು ಮತ್ತೊಮ್ಮೆ.

ಕರ್ನಾಟಕದಲ್ಲಿ ಇದನ್ನು ಓದುವವರಿಗೆ ಒಂದು ಮಾತು. ಬ್ರಿಟನ್ನಿನ ನರಿಗಳಲ್ಲಿ ರೇಬೀಸ್ ಇಲ್ಲ, ನಮ್ಮಲ್ಲಿದೆ. ಹೊಲದ ಬದುವಿನಲ್ಲಿ ಮಂಕಾಗಿ ಕೂತ ನರಿ ಕಂಡರೆ ಮುಟ್ಟಲು ಹೋಗದೆ ಅರಣ್ಯ ಇಲಾಖೆಗೆ ಫೋನ್ ಮಾಡಿ.

ನಾಲ್ಕು ವಾರದ ಮೇಲೆ ನಮ್ಮ ನರಿಯನ್ನು ಹಿಡಿದ ಬೇಲಿಯ ಪಕ್ಕದಲ್ಲೇ ಬಿಟ್ಟೆವು. ಮೊನ್ನೆ ದಾವಣಗೆರೆಯವರ ಫೋನ್ ಬಂತು: "ಬಂದಿದೆ ಡಾಕ್ಟ್ರೇ, ಆದ್ರೆ ಬಾಲ ಇನ್ನೂ ಇಲಿ ಬಾಲದ ಥರಾನೇ ಇದೆ!"

ಕೂದಲಿಗೆ ಇನ್ನೊಂದೆರಡು ತಿಂಗಳು ಬೇಕು ಅಂದೆ.